ಸಾವಂತವಾಡಿಯ ಲಿಂಬೆಹಣ್ಣು

ನಮ್ಮತ್ತೆ ಮೊದಲ ಸಲ ಸಮುದ್ರ ನೋಡಿದಾಗ ಕೈಮುಗಿಯಲಿಲ್ಲ, ಬೆರಗಾಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣು ಹಾಯಿಸಿ, "ಇಷ್ಟ ನೀರ ಐತಿ, ಒಂದು ಲಿಂಬಿ ಗಿಡಾ ಹಚ್ಚಿಲ್ಲಲ್ಲ ಇವರು" ಎಂದರು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು ಉಗುಳಿದರು. ಅಲ್ಲಿಗೆ ಸಮುದ್ರದ ವಿಚಾರ ಅವರ ಮಟ್ಟಿಗೆ ಮುಗಿಯಿತು. ಇಂಡಿಯಲ್ಲಿ ನಮ್ಮದು ಲಿಂಬೆ ತೋಟ. ಬಾವಿ ನೀರನ್ನು ಒಂದೊಂದು ಗಿಡಕ್ಕೂ ತೂಗಿ ಬಿಟ್ಟಂತೆ ಬಿಡುವ ಹೆಂಗಸು ಅವರು. ಅಷ್ಟು ನೀರು ಉಪ್ಪಾಗಿ ಸುಮ್ಮನೆ ಬಿದ್ದಿರುವುದನ್ನು ನೋಡಿ ಅವರ ಹೊಟ್ಟೆ ಉರಿದಿತ್ತು.

ಆಗ ನಾವೂ ಮುಂಬೈ ರಾಜ್ಯದವರೇ. ಹಾಗಾಗಿ ನಮ್ಮ ಮನೆಯ ಹಿರಿ ಅಳಿಯನಿಗೆ ಕೊಂಕಣದ ವೆಂಗುರ್ಲೆಗೆ ವರ್ಗವಾಗಿತ್ತು. ನಾನು ಮದುವೆಯಾಗಿ ಬಂದ ಎರಡನೆಯ ಬೇಸಿಗೆಯಲ್ಲಿ ನಮ್ಮವರು, ಅಕ್ಕನ ಮನೆಗೆ ಹೋಗೋಣ, ಸಮುದ್ರ ತೋರಿಸುತ್ತೇನೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಆ ಪಿಸುಮಾತು ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿತು. ಇಬ್ಬರು ಹೋಗಬೇಕಾದವರು ನಾಲ್ವರು ಹೊರಟೆವು: ನಾವಿಬ್ಬರು, ಅತ್ತೆ ಮತ್ತು ನನ್ನ ನಾದಿನಿ. ನನ್ನ ಸಿಟ್ಟು ಬೆಳಗಾವಿ ಬರುವವರೆಗೂ ಇಳಿಯಲಿಲ್ಲ.

ನಾದಿನಿಯನ್ನು ಕರೆದುಕೊಂಡು ಹೋಗಲು ಒಂದು ಕಾರಣವಿತ್ತು. ಅವಳಿಗೆ ಮದುವೆ ಕೂಡಿಬರುತ್ತಿರಲಿಲ್ಲ. ಹುಡುಗಿ ಲಕ್ಷಣವಾಗಿದ್ದಳು, ಕೆಲಸದಲ್ಲಿ ಚುರುಕು. ಆದರೆ ನಗುತ್ತಿದ್ದಳು. ಬಾಯಿಗೆ ಸೆರಗು ಹಿಡಿದು ನಗುವ ನಗೆಯಲ್ಲ. ಹೊಟ್ಟೆಯೊಳಗಿಂದ ಎದ್ದು ಬಂದು ಓಣಿಯ ಆ ಕಡೆ ಮನೆಗೂ ಕೇಳಿಸುವ ನಗೆ. ಸಿಂದಗಿಯಿಂದ ನೋಡಲು ಬಂದವರೊಬ್ಬರ ತಲೆಯ ರುಮಾಲು ಬಾಗಿಲ ಚೌಕಟ್ಟಿಗೆ ತಾಗಿ ಬಿದ್ದಾಗ ನಕ್ಕುಬಿಟ್ಟಳು. ಬಾಗೇವಾಡಿಯಿಂದ ಬಂದ ವರ ತನಗೆ ಹಾಡು ಬರುತ್ತದೆ ಎಂದು ಹಾಡಿ ತೋರಿಸಿದಾಗಲೂ ನಕ್ಕಳು. ಅವನ ಹಾಡು ಕೇಳಿದ ನಾನು ಈ ವಿಷಯದಲ್ಲಿ ನಾದಿನಿಯ ಪಕ್ಷ. ಆದರೂ ಎರಡೂ ಕಡೆಯವರು ಹುಡುಗಿ ನಗುತ್ತಾಳೆ ಎಂದು ಹೇಳಿ ಕೈಬಿಟ್ಟರು. ಇನ್ನೊಂದು ಸಲ ಹೀಗಾದರೆ ಯಾರೂ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂಬ ಭಯ ಅತ್ತೆಗೆ.

"ಆ ನಗಿ ಸಮುದ್ರದಾಗ ತೊಳಕೊಂಡು ಬಾ," ಎಂದು ಅವರು ದಿನಾ ಅವಳನ್ನು ನೀರಿಗೆ ಅಟ್ಟುತ್ತಿದ್ದರು. ತೆರೆ ಬಂದು ಕಾಲಿಗೆ ಬಡಿದಾಗಲೆಲ್ಲ ಅವಳು ಇನ್ನಷ್ಟು ನಗುತ್ತಿದ್ದಳು. ಒಂದು ಸಂಜೆ ಮಾತ್ರ ಮರಳಿನ ಮೇಲೆ ನನ್ನ ಪಕ್ಕ ಕುಳಿತು, "ವೈನಿ, ಹುಟ್ಟಿದಾಗಿಂದ ನಕ್ಕೋತನ ಬೆಳದೇನಿ. ನಗಲಾರ್ದ ಮನ್ಯಾಗ ನಾ ಹ್ಯಾಂಗ ಬಾಳೇವು ಮಾಡ್ಲಿ?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ನಾನು ಅವಳ ಕೈಗೆ ಒಂದು ಕಪ್ಪೆಚಿಪ್ಪು ಕೊಟ್ಟೆ.

ಕಪ್ಪೆಚಿಪ್ಪು ಆರಿಸುವುದು ಆಗ ನಮ್ಮ ದಿನನಿತ್ಯದ ಕೆಲಸವಾಗಿತ್ತು. ನಮ್ಮ ಓಣಿಯಲ್ಲಿ ಯಾರಾದರೂ ದೂರದ ಊರಿಗೆ ಹೋದರೆ ಬರಿಗೈಯಲ್ಲಿ ಬರುವಂತಿಲ್ಲ. ಕಾಶಿಗೆ ಹೋದವರು ದಾರ ತಂದರೆ ಸಾಕು, ಪಂಢರಪುರಕ್ಕೆ ಹೋದವರು ಹಣೆಗೆ ಹಚ್ಚುವ ಕರಿ ಬುಕ್ಕಿಟ್ಟು ತಂದರೆ ಸಾಕು. ಸಮುದ್ರಕ್ಕೆ ಹೋದವರು ಏನು ತರಬೇಕೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೂ ಎಲ್ಲವನ್ನೂ ಹೇಳಿದ್ದರು. ಎಮ್ಮೆಯ ಕೊರಳಿಗೆ ಕಟ್ಟಲು ಕವಡೆ ಬೇಕಿತ್ತು ಒಬ್ಬರಿಗೆ. ಎದುರು ಮನೆಯ ಬಳೆಗಾರ ಮುದುಕಿ, ನಾವು ಖಾಲಾ ಎಂದು ಕರೆಯುತ್ತಿದ್ದವರು, ಒಂದು ಬಾಟಲಿ ಕೊಟ್ಟು, "ಸಮುದ್ರದ ನೀರ ತುಂಬಕೊಂಡ ಬರ್ರಿ, ನೀಲಿ ಇರ್ತೈತಂತ, ನೋಡಬೇಕು" ಎಂದಿದ್ದರು. ತುಂಬಿದೆವು. ಬಾಟಲಿಯಲ್ಲಿ ನೀರು ಮಾಮೂಲಿ ನೀರಿನಂತೆಯೇ ಇತ್ತು. ಖಾಲಾ ನೊಂದುಕೊಳ್ಳುತ್ತಾರೆಂದು ಅತ್ತೆ ಅದಕ್ಕೆ ಅರಿವೆಗೆ ಹಾಕುವ ನೀಲಿ ಒಂದು ಚಿಟಿಕೆ ಹಾಕಿದರು. ಖಾಲಾ ಅದನ್ನು ಬಹಳ ದಿನ ಬಳೆ ಗೂಡಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು.

ವಾಪಸು ಬರುವಾಗ ಸಾವಂತವಾಡಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನ ಬಸ್ಸಿಗೆ ಸಮಯವಿತ್ತು. ಅಲ್ಲಿ ಕಟ್ಟಿಗೆಯ ಸಾಮಾನಿಗೆ ಬಣ್ಣ ಹಚ್ಚಿ ಮಾರುವ ಓಣಿಯಿದೆ. ಒಂದು ಅಂಗಡಿಯ ಮುಂದೆ ಬುಟ್ಟಿಯಲ್ಲಿ ಹಣ್ಣುಗಳಿದ್ದವು: ಮಾವು, ಬಾಳೆ, ಸೀತಾಫಲ, ಗೇರು ಮತ್ತು ಅಂಚಿನಲ್ಲೊಂದು ಲಿಂಬೆ. ನಾವೆಲ್ಲ ನಿಜವಾದ ಹಣ್ಣೆಂದೇ ತಿಳಿದೆವು. ಅತ್ತೆ ಸೀದಾ ಹೋಗಿ ಲಿಂಬೆಗೆ ಕೈಹಾಕಿದರು. ತೋಟದಲ್ಲಿ ಮಾಡುವ ಹಾಗೆಯೇ ಹೆಬ್ಬೆರಳಿಂದ ಒತ್ತಿದರು. ಮತ್ತೊಮ್ಮೆ ಒತ್ತಿದರು. ಉಗುರು ಹಾಕಿ ಮೂಸಿದರು. ಅವರ ಮುಖ ಹುಳಿ ಹಿಂಡಿದಂತಾಯಿತು.

ನಾದಿನಿ ನಕ್ಕಳು. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದರು. ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿದ್ದವರೂ ನಿಂತರು. ಅಷ್ಟು ಜನರ ಮುಂದೆ ಲಿಂಬೆ ತೋಟದ ಒಡತಿ ಕಟ್ಟಿಗೆ ಲಿಂಬೆ ಹಿಡಿದು ನಿಂತಿದ್ದರು. ಅದನ್ನು ಕೆಳಗಿಟ್ಟರೆ ಮೋಸಹೋದಂತಾಗುತ್ತದೆ. "ನಂಗೊತ್ತಿತ್ತು, ಗಟ್ಟಿ ಐತೋ ಇಲ್ಲೋ ನೋಡಿದ್ನಿ," ಎಂದು ಗಂಭೀರವಾಗಿ ಹೇಳಿ ಇಡೀ ಬುಟ್ಟಿಯನ್ನೇ ಕೊಂಡುಕೊಂಡರು. ಮಾನ ಉಳಿಸಿಕೊಳ್ಳಲು ಜನ ಏನೇನೋ ಮಾಡುತ್ತಾರೆ. ನಮ್ಮತ್ತೆ ಇಂಡಿಗೆ ಲಿಂಬೆಹಣ್ಣು ತಂದರು.

ಊರಿಗೆ ಬಂದ ಮೇಲೆ ಅದೇ ಅವರ ಹೆಚ್ಚುಗಾರಿಕೆಯಾಯಿತು. ನಮ್ಮ ಕಡೆ ಮನೆಗೆ ಬಂದ ಹಿರಿಯರ ಕೈಗೆ ಒಂದು ಲಿಂಬೆಹಣ್ಣು ಕೊಟ್ಟು ನಮಸ್ಕರಿಸುವುದು ಮರ್ಯಾದೆ. ಹೀಗೆ ಕೊಟ್ಟ ಹಣ್ಣನ್ನು ತಿರುಗಿ ಕೇಳುವಂತಿಲ್ಲ. ಅದಕ್ಕೆಂದೇ ಪಡಸಾಲೆಯಲ್ಲಿ ಹಿತ್ತಾಳೆ ತಾಟಿನ ತುಂಬ ಲಿಂಬೆಹಣ್ಣು ಇರುತ್ತಿತ್ತು. ಅತ್ತೆ ಅದರ ನಡುವೆ ಸಾವಂತವಾಡಿಯದನ್ನು ಸೇರಿಸಿಟ್ಟು, ಯಾವುದು ಕಟ್ಟಿಗೆಯದು ಹೇಳಿರಿ ನೋಡೋಣ ಎಂದು ಬಂದವರನ್ನೆಲ್ಲ ಪೇಚಿಗೆ ಸಿಕ್ಕಿಸುತ್ತಿದ್ದರು. ಓಣಿಯ ಅರ್ಧ ಜನ ಹಾಗೆ ಮೋಸಹೋದರು. ಸಾವಂತವಾಡಿಯಲ್ಲಿ ಆದ ಅವಮಾನವನ್ನು ಅವರು ಹೀಗೆ ಸ್ವಲ್ಪ ಸ್ವಲ್ಪವಾಗಿ ಎಲ್ಲರಿಗೂ ಹಂಚಿದರು.

ಅಷ್ಟರಲ್ಲಿ ಮುದ್ದೇಬಿಹಾಳದ ಒಂದು ಮನೆತನದಿಂದ ಹುಡುಗಿ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹುಡುಗನ ತಂದೆ ದಲಾಲಿ ವ್ಯಾಪಾರಿ, ದೊಡ್ಡ ಮೀಸೆ, ಕಡಿಮೆ ಮಾತು. ಅತ್ತೆ ನಾದಿನಿಯನ್ನು ದೇವರ ಮುಂದೆ ನಿಲ್ಲಿಸಿ, ಇವತ್ತೊಂದು ದಿನ ನಗುವುದಿಲ್ಲ ಎಂದು ಆಣೆ ಮಾಡಿಸಿಕೊಳ್ಳಲು ನೋಡಿದರು. "ಆಣಿ ಬ್ಯಾಡ ಯವ್ವಾ, ಪ್ರಯತ್ನ ಮಾಡ್ತೇನಿ" ಎಂದಳು ಅವಳು.

ಬಂದವರು ಕುಳಿತರು. ಅತ್ತೆ ಗಡಿಬಿಡಿಯಲ್ಲಿ ತಾಟಿನಿಂದ ಮೇಲಿದ್ದ ಚಂದದ ಹಣ್ಣನ್ನೇ ಆರಿಸಿ ಬೀಗರಾಗಬೇಕಾದವರ ಕೈಗೆ ಕೊಟ್ಟು ನಮಸ್ಕರಿಸಿದರು. ಎಲ್ಲದರಲ್ಲಿ ಚಂದದ್ದು ಯಾವುದೆಂದು ನಾನು ಹೇಳಬೇಕಾಗಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೂ ಆಗ ತಿಳಿಯಲಿಲ್ಲ.

ಹಿರಿಯರು ಮಳೆ ಬೆಳೆ ಮಾತಾಡುತ್ತ ಹಣ್ಣನ್ನು ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದರು. ಆಮೇಲೆ ನಿಧಾನವಾಗಿ, "ಹಣ್ಣೇನೋ ಚಂದ ಐತ್ರಿ. ಆದ್ರ ಹಗುರ ಬರತೈತಿ. ರಸ ಇರಾಕಿಲ್ಲ" ಎಂದರು.

ಬೇರೆ ಏನು ಅಂದಿದ್ದರೂ ಅತ್ತೆ ತಡೆದುಕೊಳ್ಳುತ್ತಿದ್ದರು. "ನಮ್ಮ ತೋಟದ್ದರಿ. ರಸ ಇಲ್ಲಂದ್ರ ಹ್ಯಾಂಗ್ರಿ? ಏ ಇವಳ, ಈಳಿಗಿ ತಂದು ಇವರ ಮುಂದನ ಹೆಚ್ಚಿ ತೋರಸು" ಎಂದು ಮಗಳನ್ನು ಕರೆದರು.

ನಾದಿನಿ ಬಂದು ತಲೆ ತಗ್ಗಿಸಿ ಈಳಿಗೆ ಮಣೆಯ ಮೇಲೆ ಕುಳಿತಳು. ಹಿರಿಯರು ಕೊಟ್ಟ ಹಣ್ಣನ್ನು ಅಲಗಿಗೆ ಹಿಡಿದು ಒತ್ತಿದಳು. ಟಕ್ ಎಂದಿತು. ಅವಳ ಕೈ ನಿಂತಿತು. ತಾವು ಕೊಟ್ಟದ್ದು ಸಾವಂತವಾಡಿಯದೆಂದು ಅತ್ತೆಗೆ ಆಗ ಹೊಳೆಯಿತು. ಅವರು ನನಗೆ ಕಣ್ಣಿನಿಂದ ಅಂಗಲಾಚಿದರು; ಎರಡು ವರ್ಷದಲ್ಲಿ ಮೊದಲ ಸಲ. ನಾನು ಸೆರಗಿನ ಮರೆಯಲ್ಲಿ ಒಂದು ನಿಜವಾದ ಹಣ್ಣು ಹಿಡಿದು, ನೀರಿನ ತಂಬಿಗೆ ಇಡುವ ನೆವದಿಂದ ಅವಳ ಪಕ್ಕ ಬಗ್ಗಿದೆ. ಅವಳು ಕೈ ಚಾಚಿದ್ದರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ನನ್ನ ಕೈಯಲ್ಲಿದ್ದ ಹಣ್ಣು ನೋಡಿದಳು. ತನ್ನ ಕೈಯಲ್ಲಿದ್ದುದನ್ನು ನೋಡಿದಳು. ನನ್ನ ಹಣ್ಣು ತೆಗೆದುಕೊಳ್ಳಲಿಲ್ಲ. ತಲೆಯೆತ್ತಿ ನಕ್ಕಳು. ವೆಂಗುರ್ಲೆಯಲ್ಲಿ ತೊಳೆಯಲು ಕಳಿಸಿದ್ದ ಅದೇ ನಗೆ, ಒಂದಿಷ್ಟೂ ಮಾಸದೆ ಹೊರಗೆ ಬಂತು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಹಿರಿಯರಿಗೆ ನೇರವಾಗಿ ಹೇಳಿದಳು: "ಇದಕ್ಕ ಈಳಿಗಿ ಸಾಲೂದಿಲ್ರಿ. ಕೊಡ್ಲಿ ಬೇಕಾಗ್ತೈತ್ರಿ."

ಅತ್ತೆ ಗೋಡೆಗೆ ಆತುಕೊಂಡರು. ಮುಗಿಯಿತು ಎಂದು ನಾನೂ ಅಂದುಕೊಂಡೆ. ಆಗ, ಬಂದಾಗಿನಿಂದ ಕಾಲ ಹೆಬ್ಬೆರಳು ನೋಡುತ್ತ ಕುಳಿತಿದ್ದ ಹುಡುಗ ತಲೆಯೆತ್ತದೆ ಮೆಲ್ಲಗೆ ಹೇಳಿದ:

"ಕೊಡ್ಲಿ ನಮ್ಮ ಮನ್ಯಾಗ ಐತ್ರಿ."

ಅವನ ತಂದೆ ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಕೈಚಾಚಿ ಲಿಂಬೆಹಣ್ಣನ್ನು ವಾಪಸು ಇಸಿದುಕೊಂಡು, ಈಳಿಗೆಯ ಗಾಯದ ಮೇಲೆ ಬೆರಳಾಡಿಸಿದರು. "ಹಗುರ ಐತಿ ಅಂತ ನಾ ಮೊದಲ ಹೇಳಿದ್ನೋ ಇಲ್ಲೋ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಜೀವನದಲ್ಲಿ ಮೊದಲ ಬಾರಿಗೆ ಲಿಂಬೆಹಣ್ಣಿನ ವಿಷಯದಲ್ಲಿ ಸೋಲೊಪ್ಪಿಕೊಂಡು, "ಹೌದ್ರಿ" ಎಂದರು. ಹಿರಿಯರು ಅದನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡರು. ಮದುವೆಯ ಮಾತುಕತೆ ಅಂದೇ ಆಯಿತು.

ಕೊಟ್ಟ ಹಣ್ಣನ್ನು ತಿರುಗಿ ಕೇಳುವಂತಿರಲಿಲ್ಲವಾದ್ದರಿಂದ ಸಾವಂತವಾಡಿಯ ಲಿಂಬೆ ಮುದ್ದೇಬಿಹಾಳಕ್ಕೇ ಹೋಯಿತು. ಅಲ್ಲಿ ಅದು ಪಡಸಾಲೆಯ ಗೂಡಿನಲ್ಲಿ, ಗಾಯ ಎದುರಿಗೆ ಕಾಣುವಂತೆ ಕುಳಿತಿತ್ತು. ನಮ್ಮತ್ತೆ ಕಟ್ಟಿಗೆ ಹಣ್ಣಿನ ಬುಟ್ಟಿಯ ಖಾಲಿ ಜಾಗದಲ್ಲಿ ನಿಜವಾದ ಹಣ್ಣಿಟ್ಟು, ಒಣಗಿದಾಗಲೆಲ್ಲ ಬದಲಿಸುತ್ತ ಬಂದರು. ಬೀಗರು ಮಾತ್ರ ಅತ್ತೆ ಹೋದಾಗಲೆಲ್ಲ ಅದನ್ನು ಗೂಡಿನಿಂದ ತೆಗೆದು ತೂಗಿ ನೋಡಿ, "ಈ ವರ್ಷಾನೂ ರಸ ಬಿದ್ದಿಲ್ರಿ" ಎನ್ನುತ್ತಿದ್ದರು.

ಮುದ್ದೇಬಿಹಾಳಕ್ಕೆ ಹೋದಾಗ ಅತ್ತೆಯದೊಂದು ಪದ್ಧತಿ ಇತ್ತು. ಮಗಳ ಮನೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ, ಗೋಡೆಯ ಪಕ್ಕ ನಿಂತುಬಿಡುತ್ತಿದ್ದರು. ಬಿಸಿಲಿದ್ದರೂ ನಿಲ್ಲುತ್ತಿದ್ದರು. ನಾನು ಗಂಟು ಹೊತ್ತುಕೊಂಡು ಹಿಂದೆ ಕಾಯಬೇಕಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ನಗೆ ಕೇಳಿಸುತ್ತಿತ್ತು. ಅದು ಪೂರಾ ಮುಗಿಯುವವರೆಗೆ ಅತ್ತೆ ಕದಲುತ್ತಿರಲಿಲ್ಲ.

"ಆರಾಮ ಅದಾಳ, ನಡಿ" ಎಂದು ಆಮೇಲೆ ಚಿಲಕ ಬಡಿಯುತ್ತಿದ್ದರು.