ಒಗೆಯಬಾರದಿದ್ದ ಕಾಲುಚೀಲ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಾನು ಮಗನ ಕಾಲುಚೀಲ ಒಗೆದುಬಿಟ್ಟೆ. ಅವನ ಕಾಲೇಜಿನ ಬೇಸ್‌ಬಾಲ್ ತಂಡ ಈ ಸೀಸನ್ ಪೂರ್ತಿ ಗೆಲ್ಲುತ್ತಲೇ ಬಂದಿದೆ. ಆಟದ ಕಾಲುಚೀಲ ಒಗೆದರೆ ಅದೃಷ್ಟವೂ ಹೋಗುತ್ತದೆ ಎಂದು ಹುಡುಗರೆಲ್ಲ ಮಾತಾಡಿಕೊಂಡಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ಇವತ್ತೇ ಫೈನಲ್.

"ಅಮ್ಮಾ, ವೈ ಟುಡೇ?" ಎಂದ ನಿಶಾಂತ್.

"ಇದೆಲ್ಲಾ ಮೂಢನಂಬಿಕೆ ಕಣೋ," ಎಂದೆ. ಅತ್ತೆ ನನ್ನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಸ್ನಾನವಾಗದೆ ಯಾರನ್ನೂ ಅಡುಗೆಮನೆಗೆ ಬಿಡದ ಮಡಿಯವರು ಅವರು.

"ಗೆಲ್ತಾ ಇರೋ ಬಟ್ಟೇನ ಯಾರಾದ್ರೂ ಒಗೀತಾರೇನೇ?" ಎಂದು ನನಗೇ ಬೈದರು.

ನಮ್ಮೂರು ಮಾನ್ಮತ್ ಜಂಕ್ಷನ್‌ನಿಂದ ಮ್ಯಾಚ್ ಇದ್ದ ಪಾರ್ಸಿಪನಿಯವರೆಗೆ ಕಾರಿನಲ್ಲಿ ಅಜ್ಜಿ, ಮೊಮ್ಮಗ ತಮ್ಮಿಬ್ಬರಲ್ಲೇ ಮಾತಾಡಿಕೊಂಡು ಬಂದರು.

ಮೈದಾನದಲ್ಲಿ ವಿಷಯ ಕೇಳಿದ ಕ್ಯಾಪ್ಟನ್ ಮಾರ್ಕೊ ನಗಲಿಲ್ಲ, ರೇಗಲೂ ಇಲ್ಲ. ಬೆಂಚಿನ ಮೇಲೆ ಕೂತು ತನ್ನದೊಂದು ಒಗೆಯದ ಕಾಲುಚೀಲ ಬಿಚ್ಚಿ ನಿಶಾಂತನಿಗೆ ಕೊಟ್ಟ. ನಾನು ಒಗೆದದ್ದರಲ್ಲಿ ಒಂದನ್ನು ತಾನು ಹಾಕಿಕೊಂಡ. ನನ್ನ ಕಡೆ ತಿರುಗಿ, "ಡೋಂಟ್ ವರಿ, ಆಂಟಿ," ಎಂದ. ನನ್ನ ಕಣ್ಣು ಒದ್ದೆಯಾಯಿತು. ವಾಸನೆಗೂ ಇರಬಹುದು.

ಚಾಂಪಿಯನ್‌ಶಿಪ್ ಗೆದ್ದರು. ಆ ಹುಡುಗನನ್ನು ಹೆತ್ತ ತಾಯಿಯ ಹೊಟ್ಟೆ ತಣ್ಣಗಿರಲಿ. ಅವನು ಇಲ್ಲದಿದ್ದರೆ, ಸೋತಿದ್ದರೆ, ಈ ಮನೆಯಲ್ಲಿ ನನಗೆ ಉಳಿಗಾಲವಿರಲಿಲ್ಲ.

ಮನೆಗೆ ಬಂದಮೇಲೆ ಅತ್ತೆ ಮಾರ್ಕೊನ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ ನನ್ನ ಕೈಗಿಟ್ಟರು.

"ನಾಳೆ ಆ ಹುಡುಗನಿಗೆ ಹೀಗೇ ವಾಪಸ್ ಕೊಡು. ಒಗೆದುಗಿಗೆದು ಬಿಟ್ಟೀಯ."

ಆಮೇಲೆ ಸ್ನಾನಕ್ಕೆ ಹೋದರು.