ಹಾಲಿನ ಗಾಡಿಯ ಕ್ಲಚ್

ನಮ್ಮ ಮನೆಯವರ ಬಲಗೈ ಮುರಿದದ್ದು ಎಮ್ಮೆಯಿಂದ. ಮೇಯಲು ಹೊಡೆದುಕೊಂಡು ಹೋಗುವಾಗ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದರು. ಅದು ಯಾವುದಕ್ಕೋ ಬೆದರಿ ಒಮ್ಮೆಲೇ ಓಟ ಕಿತ್ತಿತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವರು ಕಟ್ಟೆಯ ಮೇಲೆ ಕೂತು ಮೊದಲು ನೋಡಿದ್ದು ಅಂಗಳದಲ್ಲಿ ನಿಂತಿದ್ದ ಗಾಡಿಯನ್ನು.

ದೇವಿಕೊಪ್ಪದಿಂದ ಕಲಘಟಗಿಯ ಹೋಟೆಲುಗಳಿಗೆ ದಿನಾ ಬೆಳಿಗ್ಗೆ ಹಾಲು ಹಾಕುವುದು ನಮ್ಮ ಕಸುಬು. ಅದಕ್ಕಿದ್ದದ್ದು ಆ ಹಳೆಯ ಮೋಟರ್ ಸೈಕಲ್ ಒಂದೇ. ಹಿಂದೆ ಎರಡೂ ಬದಿಗೆ ಕ್ಯಾನು ತೂಗುಹಾಕಲು ಕಬ್ಬಿಣದ ಕೊಕ್ಕೆ ಮಾಡಿಸಿದ್ದರು.

"ಹಾಲು ನಾ ಒಯ್ತೀನ್ರಿ" ಅಂದೆ. ಹೊಲದ ದಾರಿಯಲ್ಲಿ ಗಾಡಿ ಹೊಡೆಯುವುದನ್ನು ಅವರೇ ನನಗೆ ಕಲಿಸಿದ್ದರು. ಡಾಂಬರು ರಸ್ತೆಗೆ ಮಾತ್ರ ಬಿಟ್ಟಿರಲಿಲ್ಲ.

"ಒಯ್ಯಾಕ ಗಾಡಿ ಎಳಿಬೇಕಲ್ಲ? ಕ್ಲಚ್ ಪ್ಲೇಟ್ ಸವದು ಹೋಗ್ಯಾವ. ಖಾಲಿ ಇದ್ರೂ ಏರು ಹತ್ತವಲ್ದು" ಅಂದರು.

ಅದು ನಿಜ. ಎಕ್ಸಿಲರೇಟರ್ ತಿರುವಿದರೆ ಎಂಜಿನ್ ಕೂಗುತ್ತಿತ್ತೇ ಹೊರತು ಗಾಲಿ ಓಡುತ್ತಿರಲಿಲ್ಲ. ಹೊಸ ಪ್ಲೇಟುಗಳನ್ನು ತಂದು ಕಪಾಟಿನಲ್ಲಿ ಇಟ್ಟಿದ್ದರು. ಹರೆಯದಲ್ಲಿ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ದುಡಿದವರು ಅವರು. ಆಮೇಲೆ ತಮ್ಮ ಗಾಡಿಗೆ ಇನ್ನೊಬ್ಬ ಮಿಸ್ತ್ರಿಯ ಕೈ ಹತ್ತಿಸಿಲ್ಲ. ಕೈ ಮುರಿದ ಮೇಲೂ ಆ ಹಠ ಬಿಡಲಿಲ್ಲ.

ಅಷ್ಟರಲ್ಲಿ ನಮ್ಮ ಹಾಲು ಪಕ್ಕದ ಓಣಿಯವನೊಬ್ಬನ ಟೆಂಪೋದಲ್ಲಿ ಹೋಗತೊಡಗಿತ್ತು. ಆತ ಊರೂರು ನಿಲ್ಲಿಸುತ್ತ ಹೋಗುವವ. ಒಂದು ದಿನ ತಡವಾಗಿ ಹಾಲು ಒಡೆಯಿತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನವರು ನಾಳೆಯಿಂದ ಬೇಡ ಅಂದರು. ಆ ಸುದ್ದಿ ಕೇಳಿದ ದಿನವೇ ನಾನು ಕಪಾಟಿನಿಂದ ಪ್ಲೇಟು ತೆಗೆದು ಅವರ ಮುಂದೆ ಇಟ್ಟೆ.

"ನೀವು ಹೇಳ್ಕೋತ ಹೋಗ್ರಿ, ನಾ ಬಿಚ್ತೀನಿ."

ಅವರು ನಕ್ಕರು. ನಾನು ನಗಲಿಲ್ಲ. ಬೋಲ್ಟು ಬಿಚ್ಚುವ ಪಾನಾಗಳ ಚೀಲ ತಂದು ಅಂಗಳದಲ್ಲಿ ಸುರಿದೆ.

ಹೊಸ ಪ್ಲೇಟುಗಳನ್ನು ಮೊದಲು ಎಣ್ಣೆಯಲ್ಲಿ ನೆನೆಯಿಡಿಸಿದರು. ಒಣಗಿದವನ್ನು ಹಾಕಿದರೆ ಸುಟ್ಟುಹೋಗುತ್ತವಂತೆ. ಗಾಡಿಯ ಕೆಳಗೆ ಪರಾತ ಇಟ್ಟು ಹಳೆ ಎಣ್ಣೆ ಇಳಿಸಿದೆ. ಕಿಕ್ ಬಿಚ್ಚಿದೆ. ಬಲಗಡೆಯ ಮುಚ್ಚಳದ ಬೋಲ್ಟುಗಳಲ್ಲಿ ಕೆಲವು ಉದ್ದ, ಕೆಲವು ಗಿಡ್ಡ. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲಿಯೇ ಚುಚ್ಚಿ ಇಡಿಸಿದರು. ಮುಚ್ಚಳ ಬಿಡಲೊಲ್ಲದು. ಕಟ್ಟಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿದಾಗ ಬಿಟ್ಟುಬಂತು. ಒಳಗೆ, ಬುಟ್ಟಿಯಲ್ಲಿನ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಪೇರಿಸಿದ ಪ್ಲೇಟುಗಳು.

ಆಗ ಒಳಗಿನಿಂದ ಅತ್ತೆ ಬಂದರು.

"ಅಯ್ಯ, ಹಿಟ್ಟು ನಾದೂ ಪರಾತ! ಇನ್ನ ರೊಟ್ಟಿ ಎಂಜಿನ್ ಎಣ್ಣ್ಯಾಗ ಬಡೀಬೇಕೇನ?"

ಕೈ ಮುರಿದ ಮೇಲೆ ಮನೆಯವರು ಬಾಯಿತುಂಬ ನಕ್ಕದ್ದು ಅವತ್ತೇ. ಅತ್ತೆ ಬೈಯುತ್ತಲೇ ನನಗೆ ಕೈ ಒರೆಸಿಕೊಳ್ಳಲು ಹಳೆಯ ಸೀರೆಯ ತುಂಡು ತಂದುಕೊಟ್ಟರು.

ನಡುವೆ ಟೆಂಪೋದವ ಖಾಲಿ ಕ್ಯಾನು ಕೊಡಲು ಬಂದ. ಇವರು ಎದ್ದು ಅವನ ಹತ್ತಿರ ಹೋದರು. ನಾನು ಕೈ ನಿಲ್ಲಿಸಲಿಲ್ಲ. ಸ್ಪ್ರಿಂಗು ಬಿಚ್ಚಿ, ಪ್ಲೇಟು ತೆಗೆದು, ನಡುವೆ ಇದ್ದ ಅಣಬೆಯಂಥ ಒಂದು ಕಡ್ಡಿಯನ್ನೂ ಎಳೆದು ತೆಗೆದೆ. ಅವರು ಬರುವಷ್ಟರಲ್ಲಿ ಎಲ್ಲ ಒರೆಸಿ ಸಾಲಾಗಿ ಇಟ್ಟಿದ್ದೆ.

ಜೋಡಿಸುವುದು ಬಿಚ್ಚಿದಷ್ಟು ಸುಲಭವಾಗಿರಲಿಲ್ಲ. ಒಂದು ಹೊಸ ಪ್ಲೇಟು, ಅದರ ಮೇಲೆ ಉಕ್ಕಿನ ಬಿಲ್ಲೆ, ಮತ್ತೆ ಪ್ಲೇಟು. ಹಲ್ಲಿಗೆ ಹಲ್ಲು ಕೂಡಬೇಕು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರು, ಸ್ವಲ್ಪಸ್ವಲ್ಪವೇ ಬಿಗಿಯಬೇಕು. "ಒಂದ ಕಡೆ ಜಗ್ಗಿ ಟೈಟ್ ಮಾಡಬ್ಯಾಡ, ವಾರಿ ಕೂಡತೈತಿ" ಎಂದು ಅವರು ಹತ್ತಾರು ಸಲ ಹೇಳಿದರು. ಅಂಚಿಗೆ ಕೂಡುವ ಕಾಗದದ ಪ್ಯಾಕಿಂಗಿಗೆ ಗ್ರೀಸ್ ಸವರಿ ಮುಚ್ಚಳ ಹಾಕಿದೆ, ಎಣ್ಣೆ ತುಂಬಿದೆ, ಕೇಬಲ್ ಸಿಕ್ಕಿಸಿದೆ.

ಹ್ಯಾಂಡಲಿನ ಕ್ಲಚ್ ಹಿಡಿದೆ. ಒದ್ದೆ ಅರಿವೆ ಹಿಂಡಿದ ಹಾಗೆ ಸುಮ್ಮನೆ ಒಳಗೆ ಬಂತು. ಯಾವ ಬಿಗಿಯೂ ಇಲ್ಲ.

ಅವರು ಎಡಗೈಯಿಂದ ಪಾನಾ ಕಸಿದುಕೊಂಡು ಕೇಬಲ್ಲಿನ ನಟ್ಟು ತಿರುವಲು ಹೋದರು. ಪಾನಾ ಜಾರಿ ಬೆರಳ ಗೆಣ್ಣು ತರಚಿತು. ಅದನ್ನು ಅಲ್ಲೇ ಬಿಸಾಕಿ ಕಟ್ಟೆಗೆ ಹೋಗಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, "ಸಾಕ ಬಿಡು. ಕಲಘಟಗಿಯಿಂದ ಮಿಸ್ತ್ರಿನ್ನ ಕರಸೂಣು" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಎಂದೂ ಕೇಳಿರಲಿಲ್ಲ.

ನಾನು ಪಾನಾ ಎತ್ತಿಕೊಂಡೆ. "ಮಿಸ್ತ್ರಿ ಬ್ಯಾಡ. ನೀವು ನೋಡ್ರಿ ಅಷ್ಟ, ಮಾಡೂದು ನಾ ಮಾಡ್ತೀನಿ. ಎಲ್ಲಿ ತಪ್ಪೇತಿ ಅದನ್ನ ಹೇಳ್ರಿ."

ಅವರು ಒರೆಸಿಟ್ಟ ಹಳೆಯ ಪ್ಲೇಟುಗಳ ಸಾಲನ್ನು ಒಂದೊಂದಾಗಿ ನೋಡಿದರು. ಆಮೇಲೆ ಕೇಳಿದರು: "ನಡಕಿನ ಕಡ್ಡಿ ತಗದ್ಯಲ್ಲ, ಅದರ ಹಿಂದ ಗುಂಡು ಇತ್ತಿಲ್ಲೋ?"

"ಯಾವ ಗುಂಡು?"

"ಸಣ್ಣ ಉಕ್ಕಿನ ಗುಂಡು. ಆ ಕಡ್ಡಿಗೂ ಒಳಗಿನ ಉದ್ದ ಕಡ್ಡಿಗೂ ನಡುವ ಅದ ಇರತೈತಿ. ಅದಿಲ್ಲಂದ್ರ ಕ್ಲಚ್ ಹಿಡದ್ರೂ ಒಳಗ ಒತ್ತೂದಿಲ್ಲ."

ನಾನು ಗುಂಡನ್ನು ಕಂಡೇ ಇರಲಿಲ್ಲ. ಎಣ್ಣೆಯಿಂದ ಕಡ್ಡಿಯ ತುದಿಗೆ ಅಂಟಿ ಬಂದು ಕೆಳಗಿನ ಪರಾತಕ್ಕೆ ಬಿದ್ದಿರಬೇಕು. ಪರಾತ ನೋಡಿದರೆ ಅದು ಫಳಫಳ ಹೊಳೆಯುತ್ತ ಅಡುಗೆಮನೆಯ ಗೋಡೆಗೆ ಒರಗಿತ್ತು.

"ಅತ್ತಿ, ಇದರಾಗಿನ ಎಣ್ಣಿ ಎಲ್ಲಿ ಚೆಲ್ಲೀರಿ?"

"ಯಾಕ ಚೆಲ್ಲಲಿ? ಚಕ್ಕಡಿ ಗಾಲಿಗೆ ಬರತೈತಂತ ಡಬ್ಬ್ಯಾಗ ಹಾಕಿಟ್ಟೇನಿ."

ಡಬ್ಬಿ ಹಿತ್ತಲಲ್ಲಿತ್ತು. ಎಣ್ಣೆ ಸೋಸಲು ಏನಾದರೂ ಸಿಕ್ಕೀತೆಂದು ನಾನು ಅಡುಗೆಮನೆಯ ಕಡೆ ತಿರುಗುವುದನ್ನು ಕಂಡು ಅತ್ತೆ ಕೂಗಿದರು: "ಚಾ ಸೋಸೂದಕ್ಕ ಕೈ ಹಚ್ಚಿದ್ರ ನೋಡು ಮತ್ತ!" ಬಳೆ ಮೇಲಕ್ಕೆ ಸರಿಸಿ ಡಬ್ಬಿಯೊಳಗೆ ಕೈಯನ್ನೇ ಅದ್ದಿದೆ. ಕರಿ ರಾಡಿಯಂಥ ತಳದಲ್ಲಿ ಬೆರಳು ಆಡಿಸಿದೆ. ಕಡಲೆಕಾಳಿಗಿಂತ ಸಣ್ಣದೇನೋ ಉರುಳಿತು, ತಪ್ಪಿಸಿಕೊಂಡಿತು, ಮತ್ತೆ ಸಿಕ್ಕಿತು. ಅಂಗೈಯಲ್ಲಿ ಹಿಡಿದು ತಂದು ಇವರಿಗೆ ತೋರಿಸಿದೆ. ಕಟ್ಟೆಯಿಂದ ಇಳಿದು ಬಂದು ಗಾಡಿಯ ಬದಿಗೆ ಕೂತರು.

ಮತ್ತೆ ಎಲ್ಲ ಬಿಚ್ಚಿದೆ. ಗ್ರೀಸ್ ಇದ್ದುದರಿಂದ ಪ್ಯಾಕಿಂಗು ಹರಿಯದೆ ಬಂತು. ಗುಂಡಿಗೆ ಗ್ರೀಸ್ ಹಚ್ಚಿ ಒಳಗೆ ಸರಿಸಿ, ಹಿಂದೆಯೇ ಕಡ್ಡಿ ತೂರಿಸಿದೆ. ಈ ಸಲ ಎದುರುಬದುರು ಬಿಗಿ ಎಂದು ಯಾರೂ ಹೇಳಬೇಕಾಗಲಿಲ್ಲ. ಕ್ಲಚ್ ಹಿಡಿದಾಗ ಸ್ಪ್ರಿಂಗು ನನ್ನ ಬೆರಳನ್ನು ಎದುರು ನೂಕಿತು. ಕಿಕ್ ಹೊಡೆದು, ಗೇರಿಗೆ ಹಾಕಿ, ಮೆಲ್ಲಗೆ ಬಿಟ್ಟೆ. ಗಾಡಿ ಅಂಗಳ ದಾಟಿ ಓಣಿಗೆ ಬಂತು.

ಮರುದಿನ ಬೆಳಿಗ್ಗೆ ಕ್ಯಾನು ತೂಗುಹಾಕುವಾಗ, "ನಾನೂ ಹಿಂದ ಕುಂದರ್ತೀನಿ" ಅಂದರು. "ಆ ಕೈ ತೊಗೊಂಡು? ಬ್ಯಾಡ್ರಿ" ಅಂದೆ. ರಸ್ತೆಯವರೆಗೆ ಬಂದು ನಿಂತರು. ಏರು ಬಂತು. ಗೇರು ಇಳಿಸಿದೆ. ತುಂಬಿದ ಕ್ಯಾನುಗಳನ್ನು ಹೊತ್ತ ಗಾಡಿ ಒಂದೇ ಸಮನೆ ಎಳೆದುಕೊಂಡು ಮೇಲೆ ಹತ್ತಿತು. ಹಾಲು ಬೇಡ ಅಂದಿದ್ದ ಹೋಟೆಲಿನ ಮುಂದೆಯೂ ನಿಲ್ಲಿಸಿದೆ. ಆಗಿನ್ನೂ ಮೊದಲ ಚಹಾಕ್ಕೆ ಒಲೆ ಹೊತ್ತಿಸುತ್ತಿದ್ದರು. ಮಾಲೀಕರು ನನ್ನನ್ನೂ ಗಾಡಿಯನ್ನೂ ನೋಡಿ, "ದಿನಾ ಇಷ್ಟೊತ್ತಿಗೇ ಬರ್ತೀರೇನ್ರಿ?" ಅಂದರು.

"ಬರ್ತೀನ್ರಿ" ಅಂದೆ. ಪಾತ್ರೆ ಮುಂದಿಟ್ಟರು.

ಮನೆಗೆ ಬಂದಾಗ ಇವರು ಹೋಟೆಲಿನ ವಿಷಯ ಕೇಳಲೇ ಇಲ್ಲ. "ಏರಿನಾಗ ಕ್ಲಚ್ ಜಾರ್ತೇನು?" ಅಂದರು.

"ಇಲ್ರಿ. ಖರೆ ಕ್ಲಚ್ ಭಾಳ ದೂರ ಬಿಟ್ಟ ಮ್ಯಾಲ ಹಿಡಿತೈತಿ."

"ಹೊಸಾ ಪ್ಲೇಟ್ ಅದಾವ, ಕೂಡಾಕ ಹತ್ಯಾವ. ಕೇಬಲ್ ಸ್ವಲ್ಪ ಲೂಸ್ ಮಾಡಬೇಕು. ಎಂಜಿನ್ ಆರಲಿ, ಆಮ್ಯಾಲ ಮಾಡೂಣು."

ನಾನು ಖಾಲಿ ಕ್ಯಾನು ತೊಳೆದು ಬೋರಲು ಹಾಕಿ ಪಾನಾಗಳ ಚೀಲ ತರಲು ಒಳಗೆ ಹೋದೆ.