ಅಕ್ಕ ಅಲ್ಲಾಡಿದ ಫೋಟೋಗಳು

ನಮ್ಮ ಬೀದಿಯ ಫೋಟೋ ಸ್ಟುಡಿಯೋದವನಿಗೆ ಅಪ್ಪ ಅಮ್ಮ ಏನು ಹೆಸರಿಟ್ಟಿದ್ದರೋ, ನಾವೆಲ್ಲ ಕರೆಯುತ್ತಿದ್ದುದು ‘ಅಲ್ಲಾಡಬೇಡಿ’ ಎಂದೇ. ಫ್ಲ್ಯಾಶ್ ಕಂಡರೆ ಅವನಿಗೆ ಮೈಯೆಲ್ಲ ಉರಿ. ಮುಖಕ್ಕೆ ಬೆಳಕು ಎರಚಿ ತೆಗೆಯುವುದು ಕಳ್ಳರ ಫೋಟೋ, ಮನುಷ್ಯರದ್ದಲ್ಲ ಎನ್ನುತ್ತಿದ್ದ. ಕಿಟಕಿಯಿಂದ ಬರುವ ಬೆಳಕೇ ಅವನಿಗೆ ಸಾಕು, ಆದರೆ ಕ್ಯಾಮೆರಾದ ಶಟರ್ ತುಸು ಹೊತ್ತು ತೆರೆದೇ ಇರಬೇಕು, ಅಷ್ಟೂ ಹೊತ್ತು ಕೂತವರು ಕಲ್ಲಾಗಬೇಕು. ಗೋಡೆಯ ಈಚೆ ನನ್ನ ಹೊಲಿಗೆ ಯಂತ್ರ, ಆಚೆ ಅವನ ಕೂಗು: “ಉಸಿರು ಹಿಡ್ಕೊಳ್ಳಿ... ಅಲ್ಲಾಡಬೇಡಿ!” ಎಷ್ಟೋ ಸಲ ನಾನೇ ಯಂತ್ರ ನಿಲ್ಲಿಸಿ ಉಸಿರು ಬಿಗಿಹಿಡಿದದ್ದುಂಟು.

ಅವನ ಮಾತಿಗೆ ಸೊಪ್ಪು ಹಾಕದ ಜೀವ ಒಂದೇ, ಅವನ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯ ಮಾತು ಬಂದಾಗಲೆಲ್ಲ “ಮೊದ್ಲು ಇವನೊಬ್ಬ ದಡ ಸೇರ್ಲಿ” ಎಂದು ಮುಂದೂಡುತ್ತ ಹಾಗೆಯೇ ಉಳಿದುಬಿಟ್ಟಳು. ಇಡೀ ಬೀದಿಗೆ ಅವಳು ಅಕ್ಕ. ಗಿರಾಕಿ ಕೂರುವ ಮೊದಲು ಬೆಳಕು ಹೇಗಿದೆ ನೋಡಲು ಅವನು ಅವಳನ್ನೇ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆಯುತ್ತಿದ್ದ. ಕೂರುವ ಹೆಂಗಸೇ ಅವಳು? ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಒಳಗೆ ಹಾಲು ಉಕ್ಕಿತೇನೋ ಎಂದು ತಿರುಗುವಳು, ಬಾಗಿಲಲ್ಲಿ ಯಾರೋ ಬಂದರೆಂದು ಕತ್ತು ಚಾಚುವಳು, ಜಾರದ ಶಾಲನ್ನೂ ಎಡಭುಜ ಹಾರಿಸಿ ಸರಿಮಾಡಿಕೊಳ್ಳುವಳು. ಫೋಟೋ ತೊಳೆದು ನೋಡಿದರೆ ಸ್ಟೂಲು ಸ್ಪಷ್ಟ, ಗೋಡೆ ಸ್ಪಷ್ಟ, ಅಕ್ಕ ಮಾತ್ರ ಒಲೆಯ ಹೊಗೆ.

ಮೊದಮೊದಲು ಅವನು ಬೈದ. ಆಮೇಲೆ ಅಂಥದ್ದೊಂದು ಹೊಗೆ ಅವನ ಕಣ್ಣಿಗೆ ಚೆಂದ ಕಂಡಿತು. ಸ್ಪರ್ಧೆಗೆ ಕಳಿಸಿದ, ಬಹುಮಾನವೂ ಬಂತು. ಅಲ್ಲಿಗೆ ಹುಚ್ಚು ನೆತ್ತಿಗೇರಿತು. ಊರಿಗೆಲ್ಲ ಅಲ್ಲಾಡಬೇಡಿ, ಅಕ್ಕನಿಗೆ ಮಾತ್ರ “ಅಲ್ಲಾಡೇ ಅಕ್ಕಾ, ಇನ್ನೂ ಸ್ವಲ್ಪ!” ಸ್ಟುಡಿಯೋದ ಗೋಡೆಯ ತುಂಬ ಅವಳೇ: ತಿರುಗುವ ಅಕ್ಕ, ಏಳುವ ಅಕ್ಕ, ನಕ್ಕು ಬಾಗುವ ಅಕ್ಕ.

“ಒಂದ್ಸಲ ನನ್ನ ಮೂಗು ಕಾಣೋ ಹಾಗೆ ತೆಗಿಯೋ ಮಾರಾಯ. ಸತ್ತಾಗ ಗೋಡೆಗೆ ಹಾಕೋಕಾದ್ರೂ ಬೇಡ್ವಾ?” ಎನ್ನುವಳು.

“ಮೂಗು ಯಾರಿಗಿಲ್ಲ ಬಿಡಕ್ಕಾ” ಎಂದು ಇವನು ನಗುವನು.

ನನಗೆ ಆ ಫೋಟೋಗಳು ಅಷ್ಟಕ್ಕಷ್ಟೇ. ನಾನು ಹೀಗೆ ಹೊಲಿದರೆ ಗಿರಾಕಿ ಅಂಗಿಯನ್ನು ನನ್ನ ಮುಖಕ್ಕೇ ಎಸೆದಾನು ಎಂದು ಅವನೆದುರೇ ಹೇಳಿದ್ದೆ.

ವಯಸ್ಸಾಗುತ್ತ ಅಕ್ಕನಿಗೆ ಮರೆವು ಬಂತು. ಉಪ್ಪಿನ ಡಬ್ಬಿ ಎಲ್ಲೋ, ಗುರುತಿನ ಚೀಟಿ ಎಲ್ಲೋ. ತನ್ನ ಮನೆಯ ಬಾಗಿಲಲ್ಲೇ ನಿಂತು “ಇದು ಯಾರ ಮನೆಯಪ್ಪಾ?” ಎಂದು ನನ್ನನ್ನು ಕೇಳುವಳು. ಅವನು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಆದರೆ ಡಾರ್ಕ್ ರೂಮಿಗೆ ಹೋದರೆ ಬಾಗಿಲು ಹಾಕಲೇಬೇಕಲ್ಲ. ಒಂದು ಮಧ್ಯಾಹ್ನ ಯಾರದೋ ಮದುವೆಯ ರೋಲು ತೊಳೆಯುತ್ತಿದ್ದಾಗ ಹೊರಬಾಗಿಲು ಕಿರುಗುಟ್ಟಿದ್ದು ಅವನಿಗೆ ಕೇಳಿಸಿತು. ತಾನು ಬಾಗಿಲು ತೆರೆದರೆ ಬೆಳಕು ನುಗ್ಗಿ ರೋಲೆಲ್ಲ ಹಾಳು. “ಅಕ್ಕಾ, ಅಲ್ಲೇ ಇರು, ಬಂದೆ” ಎಂದು ಒಳಗಿನಿಂದಲೇ ಕೂಗಿದ. ಹೊರಗೆ ಬಂದಾಗ ಸ್ಟೂಲು ಖಾಲಿ.

ಬೀದಿ ಬೀದಿ ತಿರುಗಿ ಸಂಜೆ ಪೊಲೀಸ್ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರ್ ಒಳ್ಳೆಯವನೇ. “ಮುಖ ಕಾಣೋ ಫೋಟೋ ಒಂದು ಕೊಡಿ, ಎಲ್ಲಾ ಠಾಣೆಗೂ ಕಳಿಸ್ತೀನಿ” ಎಂದ.

ಅಲ್ಲಾಡಬೇಡಿ ಸ್ಟುಡಿಯೋಗೆ ಓಡಿದ. ನಾನೂ ಹಿಂದೆಯೇ ಓಡಿದೆ. ಪೆಟ್ಟಿಗೆಗಳನ್ನೆಲ್ಲ ನೆಲಕ್ಕೆ ಸುರಿದು ಒಂದೊಂದೇ ನೆಗೆಟಿವ್ ಎತ್ತಿ ದೀಪಕ್ಕೆ ಹಿಡಿದು ನೋಡಿದ. ಊರಿನ ಮುಖಗಳೆಲ್ಲ ಅಲ್ಲಿದ್ದವು, ಅಂಗಡಿಯವರು, ಮೇಷ್ಟ್ರುಗಳು, ಸತ್ತವರು ಕೂಡ. ಕೂದಲೆಳೆ ಕೂಡ ಎಣಿಸಬಹುದಾದಷ್ಟು ಸ್ಪಷ್ಟ. ಅಕ್ಕನ ಮುಖ ಒಂದರಲ್ಲೂ ಇಲ್ಲ, ಅವಳು ಎಲ್ಲೋ ಇಟ್ಟು ಮರೆತ ಗುರುತಿನ ಚೀಟಿಯೂ ಸಿಗಲಿಲ್ಲ. “ಒಂದಾದ್ರೂ ಇರ್ಬೇಕು ಕಣೋ, ಒಂದಾದ್ರೂ” ಎನ್ನುತ್ತ ನೋಡಿದ್ದನ್ನೇ ಮತ್ತೆ ನೋಡಿದ. ಕೊನೆಗೆ ಗೋಡೆಯ ಮೇಲಿನದೊಂದನ್ನು ಕಿತ್ತು ಠಾಣೆಗೆ ಒಯ್ದೆವು.

“ಏನ್ರೀ ಇದು, ತಮಾಷೆ ಮಾಡ್ತಿದ್ದೀರಾ?” ಎಂದ ಇನ್ಸ್‌ಪೆಕ್ಟರ್. ಆಮೇಲೆ ಇವನ ಮುಖ ನೋಡಿ ದನಿ ತಗ್ಗಿಸಿದ. “ಹೋಗ್ಲಿ, ಗುರುತು ಹೇಳಿ.”

“ಕೆನ್ನೆ ಮೇಲೆ ಮಚ್ಚೆ ಇದೆ ಸಾರ್. ಬಲಗೆನ್ನೆ... ಅಲ್ಲ, ಎಡ...” ಅವನು ನನ್ನ ಕಡೆ ತಿರುಗಿದ. ನನಗೂ ಹೊಳೆಯಲಿಲ್ಲ. ಅವಳ ಭುಜದ ಅಳತೆ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಅವನು ಎರಡೂ ಕೈಯಿಂದ ತಲೆ ಚಚ್ಚಿಕೊಂಡು, “ಇಡೀ ಜನ್ಮ ಇವಳನ್ನೇ ನೋಡಿದೀನಿ ಸಾರ್” ಎಂದು ಅತ್ತುಬಿಟ್ಟ.

ದಿನ ಕಳೆದವು. ಆಸ್ಪತ್ರೆಯ ಶವಾಗಾರದಲ್ಲಿ ಗುರುತು ಹತ್ತದ ಹೆಂಗಸೊಬ್ಬಳಿದ್ದಾಳೆಂದು ಕರೆದರು. ಬಟ್ಟೆ ಸರಿಸಿದಾಗ ಅವಳಲ್ಲ ಎಂದು ಕಂಡು ಅವನು ನಕ್ಕೇಬಿಟ್ಟ. ನಕ್ಕದ್ದಕ್ಕೆ ನಾಚಿ, ಆ ಹೆಂಗಸಿನ ಮುಖಕ್ಕೆ ತಾನೇ ಮತ್ತೆ ಬಟ್ಟೆ ಹೊದಿಸಿದ. ಮಾರನೆಯ ದಿನದಿಂದ ಆ ಚೌಕಟ್ಟಿನ ಫೋಟೋವನ್ನೇ ಎದೆಗವುಚಿಕೊಂಡು ಬಸ್ ನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಹಿಡಿಯತೊಡಗಿದ. “ಇದು ಮನುಷ್ಯರಾ, ಹೊಗೆನಾ?” ಎಂದು ಜನ ನಕ್ಕರು. ನಾನು ಒಬ್ಬಿಬ್ಬರ ಜೊತೆ ಕೈಕೈ ಮಿಲಾಯಿಸಲೂ ಹೋದೆ. ಅವನು ಮಾತ್ರ ಫೋಟೋ ಹಿಡಿದು ಮುಂದಿನವರ ಹತ್ತಿರ ಹೋಗುತ್ತಿದ್ದ.

ನಿಲ್ದಾಣ ಗುಡಿಸುವ ಹೆಂಗಸು ಪೊರಕೆಗೆ ಒರಗಿ ನಿಂತು ಫೋಟೋವನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿ ಎಡಭುಜ ಕೆಳಗೊಂದು, ಮೇಲೊಂದು ಮಸುಕಾಗಿ ಮೂಡಿ, ಶಾಲಿನ ತುದಿ ಗಾಳಿಯಲ್ಲಿ ಗೆರೆ ಎಳೆದಿತ್ತು.

“ಅಯ್ಯೋ, ಇದು ಭುಜ ಹಾರಿಸೋ ಅಮ್ಮ ಅಲ್ವಾ?” ಎಂದು ತನ್ನ ಭುಜವನ್ನೂ ಹಾಗೆಯೇ ಹಾರಿಸಿ ತೋರಿಸಿದಳು. “ತಮ್ಮನಿಗೆ ಹಾಲು ತರ್ಬೇಕು ಅಂತ ಕಡೇ ಬಸ್ ಹತ್ತಿದ್ರು ಕಣಪ್ಪಾ.”

ಆ ಬಸ್ಸಿನ ಕೊನೆಯ ನಿಲ್ದಾಣದ ಊರಿನ ಆಸ್ಪತ್ರೆಯಲ್ಲಿ ಅಕ್ಕ ಸಿಕ್ಕಳು. ಎಲ್ಲೋ ಬಿದ್ದು ತಲೆಗೆ ಪೆಟ್ಟಾಗಿತ್ತು. ಜೀವವಿತ್ತು. ಮಚ್ಚೆ ಎಡಗೆನ್ನೆಯ ಮೇಲಿತ್ತು. ಅವನು ಕಾಲು ಹಿಡಿದು “ಅಕ್ಕಾ” ಎಂದರೆ ಅವಳು ಅವನನ್ನು ದಾಟಿ ಕಿಟಕಿಯ ಕಡೆ ನೋಡುತ್ತಿದ್ದಳು. ಇನ್ನು ಇಷ್ಟೇ, ಹೆಚ್ಚು ಆಸೆ ಇಟ್ಕೋಬೇಡಿ ಎಂದರು ಡಾಕ್ಟರು.

ಮನೆಗೆ ಕರೆತಂದ ಮೇಲೆ ಇನ್ಸ್‌ಪೆಕ್ಟರ್ ಹೇಳಿಕಳಿಸಿದ, ಈಗಲಾದರೂ ಒಂದು ಸರಿಯಾದ ಫೋಟೋ ತೆಗೆದಿಟ್ಟುಕೊಳ್ಳಿ ಎಂದು. ನಾನೂ ಅದನ್ನೇ ಹೇಳಿದೆ. ಇಬ್ಬರೂ ಸೇರಿ ಅವಳನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿದೆವು. ನಾನು ಶಾಲು ಹೊದಿಸಿ ಅಂಗಡಿಗೆ ಬಂದೆ.

ಗೋಡೆಯಾಚೆ ಶಟರ್ ತೆರೆದ ಸದ್ದಾಯಿತು. ಅಭ್ಯಾಸಬಲದಿಂದ ನಾನು ಯಂತ್ರ ನಿಲ್ಲಿಸಿ ಉಸಿರು ಹಿಡಿದೆ. ಅವನ ಕೂಗಿಲ್ಲ. ಶಟರ್ ಮುಚ್ಚಿದ ಸದ್ದೂ ಇಲ್ಲ. ನನಗೆ ಉಸಿರು ಕಟ್ಟಿತು, ಬಿಟ್ಟೆ. ಆಮೇಲೆ ಅವನ ದನಿ ಬಂತು, ಚಿಕ್ಕ ಮಕ್ಕಳು ಗೋಗರೆಯುವ ಹಾಗೆ.

“ಅಲ್ಲಾಡೇ ಅಕ್ಕಾ... ಇನ್ನೂ ಸ್ವಲ್ಪ... ಒಳಗೆ ಹಾಲು ಉಕ್ತಾ ಇದೆ ಕಣೇ, ಹೋಗಿ ನೋಡೇ...”

ಒಲೆಯ ಮೇಲೆ ಹಾಲಿರಲಿಲ್ಲ.